ಖಾಲಿ ಜಾಗಕ್ಕೊಬ್ಬ ಕಾವಲುಗಾರ

ನಗೂ ಪ್ರಸಂಗ ಹುಡುಕ್ಕೊಂಡು ನಾ ಎಲ್ಲೂ ಹೋಗಿಲ್ರಿ. ಅವೇ ನನ್ನ ಹುಡುಕ್ಕೊಂಡು ಬರ್ತಾವ, ಅದೂ ಸರ್ಕಾರಿ ಜೀಪಿನಾಗ ಕುಂತು. ಹನ್ನೊಂದು ವರ್ಷ ದಿನಗೂಲಿ ವಾಚರ್ ಆಗಿ ದುಡದೀನಿ. ಯಾವ ಇಲಾಖೆ ಅಂತ ಕೇಳಬ್ಯಾಡ್ರಿ, ಗಿಡ ಹಚ್ಚೋ ಇಲಾಖೆ ಅಂತ ತಿಳ್ಕೋರಿ, ಸಾಕು. ನಮ್ಮ ಸಾಹೇಬ್ರ ಆಫೀಸು ಭಾಲ್ಕಿಯಾಗ. ಸಾಹೇಬ್ರಿಗೆ ಬೈಯೋ ದೊಡ್ಡ ಸಾಹೇಬ್ರು ಬೀದರದಾಗ. ಇಬ್ಬರ ಬೈಗಳಾ ತಿನ್ನೋ ನಾ ಔರಾದ ತಾಲೂಕಿನ ನಮ್ಮೂರಾಗ. ವ್ಯವಸ್ಥಾ ಬರೋಬ್ಬರಿ ಇತ್ತು.

ನಾ ಕಾಯ್ತಿದ್ದದ್ದು ನಮ್ಮೂರ ಗಾಯರಾಣ, ಅಂದ್ರ ಊರ ದನಾ ಕುರಿ ಎಲ್ಲಾ ಮೇಯೋ ಬಯಲು. ಕೆಂಪು ಕಲ್ಲಿನ ನೆಲ, ಮೊಣಕಾಲುದ್ದ ಹುಲ್ಲು, ಗಿಡ ಅಂತ ನೋಡಿದ್ರ ನಾಕು ಬಾರಿಹಣ್ಣಿನ ಗಿಡ. ನನ್ನ ಸೋದರತ್ತಿ ಹುಟ್ಟಿದಾಗಿಂದ ಅಲ್ಲೇ ಕುರಿ ಕಾಯ್ದಾಕಿ. ಮಾಮಾ ತೀರಿ ಹೋದಮ್ಯಾಲ ಎರಡು ಹೆಣ್ಮಕ್ಕಳನ್ನ ಆ ಹುಲ್ಲಿನ ಮ್ಯಾಲೇ ಬೆಳೆಸಿ, ಲಗ್ನಾ ಮಾಡಿ ಕೊಟ್ಟಾಳ. ನಮ್ಮವ್ವ ಹೊಲದ ಕೆಲಸಕ್ಕ ಹೋದಾಗ ನನ್ನೂ ಕಂಬಳಿಯಾಗ ಕಟ್ಕೊಂಡು ಅಲ್ಲೇ ತಿರಗ್ಯಾಳ. ಆ ಬಯಲು ಹೋದ್ರ ಅಕಿ ಕುರಿ ಹೋದ್ವು, ಕುರಿ ಹೋದ್ರ ಅಕೀದು ಏನೂ ಉಳಿಯಂಗಿಲ್ಲ. ಇಷ್ಟು ತಲ್ಯಾಗ ಇಟ್ಕೋರಿ. ಉಳದದ್ದೆಲ್ಲಾ ನಗೂ ಮಾತೇ ಅದ.

೧. ನಕಾಶಿ

ಸಾಹೇಬ್ರು ಹೊಸದಾಗಿ ವರ್ಗ ಆಗಿ ಬಂದಿದ್ರು, ಬೆಂಗಳೂರ ಕಡೆಯವರು. ಗಾಯರಾಣಕ್ಕ ಬಂದವರೇ ಜೀಪಿನ ಮೂತಿ ಮ್ಯಾಲ ದೊಡ್ಡದೊಂದು ನಕಾಶಿ ಹಾಸಿ, ನಾಕೂ ಮೂಲಿಗೆ ಕಲ್ಲಿಟ್ರು. ಜೀಪ ನಮ್ಮ ಚಾಚಾಂದು, ಬೀದರದಾಗ ಹಳೀ ಊರಿನ ಮನುಷ್ಯ, ಇಲಾಖೆಗೆ ಬಾಡಿಗಿಗೆ ಬಿಟ್ಟು ತಾನೇ ಓಡಿಸ್ತಿದ್ದ. ಕಲ್ಲಿಟ್ಟದ್ದು ನೋಡಿ ಅಂವನ ಜೀವ ಚುರ್ ಅಂತು. ಹೋದ ವಾರಾನೇ ಬಣ್ಣ ಹೊಡಿಸಿದ್ದ.

ಸಾಹೇಬ್ರು ನಕಾಶಿ ಮ್ಯಾಲ ಬೆರಳಿಟ್ಟು, "ನೋಡ್ರೀ, ಇದು ಖಾಲಿ ಜಾಗ. ಪಾಳು. ಇಲ್ಲಿ ಏನೂ ಇಲ್ಲ," ಅಂದ್ರು.

ಅವರು ಅಷ್ಟಂದದ್ದೇ ತಡ, ಅವರ ಬೆನ್ನ ಹಿಂದ ಹದಿನೈದಿಪ್ಪತ್ತು ಚಿಗರಿ, ಜಿಂಕಿ ಜಾತೀವು, ಟಣ್ ಟಣ್ ಹಾರ್ಕೋತ ಹೋದ್ವು. ನಾ ಹೇಳ್ದೆ, "ಸಾಹೇಬ್ರ, ಚಿಗರಿ ಆವ್ರಿ."

ತಿರುಗಿ ನೋಡಿದ್ರು. "ಅವು ಓಡಿ ಹೋಗ್ತಾ ಇದಾವೆ. ಇಲ್ಲಿ ಇವೆ ಅಂತ ಹ್ಯಾಗೆ ಹೇಳ್ತೀಯ?"

ಅಷ್ಟರಾಗ ನಮ್ಮತ್ತಿ ಕುರಿ ಹೊಡ್ಕೊಂಡು ಬಂದ್ಳು. ಬಂದಾಕೇ ಸಾಹೇಬ್ರ ಕಾಲ ಕಡೆ ಕೋಲು ತೋರ್ಸಿ, "ಯಪ್ಪಾ, ಬೂಟು ಎತ್ತು, ಬೂಟು!" ಅಂದ್ಳು. ಸಾಹೇಬ್ರು ಹಾವೇ ಬಂತು ಅಂತ ಎರಡೂ ಕಾಲು ಎತ್ತಿ ಜೀಪಿನ ಮ್ಯಾಲ ಹತ್ತಿ ಕುಂತ್ರು. ನೋಡಿದ್ರ ಹುಲ್ಲಿನ ಬುಡಕ್ಕ ಹಕ್ಕಿ ಗೂಡು, ಅದರಾಗ ಮೂರು ತತ್ತಿ. ನಮ್ಮ ಬಯಲಿನ ಹಕ್ಕಿಗೆ ಗಿಡ ಬೇಕಾಗಿಲ್ಲ, ನೆಲದ ಮ್ಯಾಲೇ ಸಂಸಾರ ಮಾಡ್ತದ.

"ಖಾಲಿ ಜಾಗದಾಗ ತತ್ತಿ ಯಾರ ಬಂದು ಇಟ್ರು?" ಅಂತ ಅತ್ತಿ ಕೇಳಿದ್ಳು.

ಸಾಹೇಬ್ರು ಅಕಿನ್ನ ಬಿಟ್ಟು ನನ್ನ ಕೇಳಿದ್ರು, "ಯಾರಯ್ಯಾ ಈ ಹೆಂಗಸು?"

"ನಮ್ಮ ಸೋದರತ್ತಿ ರೀ. ಇಲ್ಲೇ ಇರ್ತಾಳ್ರಿ."

ಸಾಹೇಬ್ರು ಕನ್ನಡಕಾ ಹಾಕ್ಕೊಂಡು ಮತ್ತೊಮ್ಮೆ ನಕಾಶಿ ನೋಡಿದ್ರು. ಖರೇನೇ ನೋಡಿದ್ರು ರೀ, ದೇವರಾಣಿ. ಆಮ್ಯಾಲ ತಲಿ ಅಲ್ಲಾಡಿಸಿ, "ಇಲ್ಲಿ ತೋರಿಸಿಲ್ವಲ್ಲ," ಅಂದ್ರು.

೨. ಒಂದೂ ಇಲ್ಲ

ಗಿಡ ಹಚ್ಚೋ ಮೊದಲು ಸರ್ವೇ ಆಗ್ಬೇಕು, ಅಲ್ಲಿ ಯಾವ ಪ್ರಾಣಿ ಅದ, ಯಾವುದು ಇಲ್ಲ ಅಂತ ಜನರನ್ನ ಕೇಳಿ ಬರ್ಕೋಬೇಕು ಅಂತ ಕಾನೂನದ ಅಂತ. ಸರ್ವೇದಾಂವ ಬಂದ. ಕೈಯಾಗ ಸ್ಲೇಟಿನಂಥಾ ಫೋನು, ತಲಿ ಮ್ಯಾಲ ಟೊಪ್ಪಿಗಿ, ಭಾಳ ಮರ್ಯಾದಿ ಮನುಷ್ಯ. ಅತ್ತಿನ್ನ ಕಟ್ಟಿ ಮ್ಯಾಲ ಕುಂದ್ರಿಸಿ ಕೇಳಿದ, "ಅಮ್ಮಾ, ಹೋದ ವರ್ಷ ಕಾಡುಪ್ರಾಣಿಯಿಂದ ಎಷ್ಟು ಕುರಿಮರಿ ಕಳಕೊಂಡ್ರಿ?"

"ಒಂದೂ ಇಲ್ಲ."

ನಾ ಅತ್ತಿ ಮುಖಾ ನೋಡ್ದೆ. ಮೂರು ಮರಿ ಹೋಗಿದ್ದು ನನಗ ಗೊತ್ತು. ಒಂದನ್ನ ನನ್ನ ಕಣ್ಣ ಮುಂದೇ ತ್ವಾಳ ಎತ್ಕೊಂಡು ಹೋಗಿತ್ತು.

"ಸರಿಯಾಗಿ ನೆನಪು ಮಾಡ್ಕೊಳ್ಳಿ. ಈ ಕಡೆ ತೋಳ ನೋಡಿದೀರಾ?"

ಅತ್ತಿ ಗಲ್ಲಾ ಬಡ್ಕೊಂಡ್ಳು. "ಅದರ ಹೆಸರ ಎತ್ತಬ್ಯಾಡಪ್ಪಾ, ಎದಿರಿಗೆ ಕುರಿ ಆವ."

ನಮ್ಮ ಮನೆತನದಾಗ ಇದೊಂದು ಪದ್ಧತಿ ಅದ. ಕುರಿ ಎದಿರಿಗೆ ತ್ವಾಳದ ಹೆಸರ ಹೇಳಂಗಿಲ್ಲ, ದೇವರ ನಾಯಿ ಅಂತೇವಿ, ಮೈಲಾರ ಮಲ್ಲಯ್ಯನ ನಾಯಿ. ಅದು ಮರಿ ಒಯ್ದ್ರ ಬೆನ್ನ ಹತ್ತಂಗಿಲ್ಲ, ಬೈಯಂಗಿಲ್ಲ. ಅದು ಹೋದ ದಿಕ್ಕಿಗೆ ಒಂದು ಚಿಟಿಕಿ ಭಂಡಾರ, ಅಂದ್ರ ದೇವರ ಅರಿಷಿಣ ಪುಡಿ, ತೂರಿ, "ನಿನ್ನ ಪಾಲು ನಿನಗ ಮುಟ್ಟಿತು," ಅಂತ ಕೈ ಮುಗೀತೇವಿ. ಪಾಲು ಕೊಟ್ಟದ್ದನ್ನ ಕಳಕೊಂಡೇವಿ ಅಂತ ಹೇಳೋದು ಅಪಶಕುನ.

ಸರ್ವೇದಾಂವಗ ಇದು ಹ್ಯಾಂಗ ಗೊತ್ತಾಗಬೇಕು? ಮರಿ ಕಳದಿಲ್ಲ, ಹಂಗಾದ್ರ ತ್ವಾಳ ಇಲ್ಲ ಅಂತ ಟಿಕ್ ಹೊಡ್ಕೊಂಡ. ನಾ ಅತ್ತಿನ್ನ ಬಾಜೂಕ ಕರ್ದು, "ಅತ್ತಿ, ಮೂರು ಮರಿ ಹೋಗಿಲ್ಲೇನು? ಖರೆ ಹೇಳಬಾರ್ದಾ?" ಅಂದೆ.

"ಹೋಗ್ಯಾವ, ಕಳದಿಲ್ಲ. ಮಗಳನ್ನ ಗಂಡನ ಮನಿಗೆ ಕಳಿಸಿದ್ರ ಮಗಳು ಕಳದ್ಳು ಅಂತ ಪೊಲೀಸರಿಗೆ ಹೇಳ್ತಾರೇನೋ, ಹುಚ್ಚಾ?"

ನಾ ಆದ್ರೂ ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳ್ಲಿಲ್ಲ. ಸಾಹೇಬ್ರಿಗೆ ಖಾಲಿ ಜಾಗ ಬೇಕಾಗಿತ್ತು, ನನಗ ಕೆಲಸ ಬೇಕಾಗಿತ್ತು. ಅದನ್ನ ನೆನಿಸಿದ್ರ ಇವತ್ತಿಗೂ ನನ್ನ ಮ್ಯಾಲ ನನಗೇ ಸಿಟ್ಟು ಬರ್ತದ.

ಸರ್ವೇದಾಂವ ಫೋನು ಮುಚ್ಚಿ, ನಮಸ್ಕಾರ ಮಾಡಿ, ಗಾಡಿ ಹತ್ತಿ ಹೋದ. ಆ ಕಡೆ ದಿಬ್ಬದ ಮ್ಯಾಲ ದೇವರ ನಾಯಿ ಕುಂತು ಅಂವನ್ನೇ ನೋಡ್ಲತ್ತಿತ್ತು. ಹಾಜರಿ ಹಾಕ್ಸಾಕ ಬಂದಿತ್ತು ಪಾಪ, ಸ್ವಲ್ಪ ತಡಾ ಆತು.

೩. ಮ್ಯಾಲಿಂದ ನೋಡಿದ್ರ

ಖಾಲಿ ಜಾಗ ಅಂತ ಪಕ್ಕಾ ಆದಮ್ಯಾಲ ಗಿಡ ಹಚ್ಚಿದ್ರು. ಹಾರಿಯಿಂದ ಅಗದ್ರ ಕೆಂಪು ಕಲ್ಲಿನಾಗ ಹಾರೀನೇ ಬಗ್ಗಿತು. ಜೇಸಿಬಿ ತಂದು ತಗ್ಗು ತೋಡಿದ್ರು. ಹುಲ್ಲು ಕಿತ್ತು ಬಿಸಾಕಿ, ಬೇವು, ಹೊಂಗಿ, ಸುಬಾಬುಲ್ ಹಚ್ಚಿದ್ರು. ಒಬ್ಬ ಮುಖಂಡರು ಬಂದು ಭಾಷಣ ಮಾಡಿ, "ಈ ಬರಡು ನೆಲವನ್ನ ನಂದನವನ ಮಾಡ್ತೇವಿ," ಅಂದ್ರು. ಅವರು ಹಚ್ಚಿದ ಗಿಡಕ್ಕ ನೀರು ಹಾಕೂ ಮುಂದ ಫೋಟೋದವನ ಬೆಳಕು ಸರಿ ಬರ್ಲಿಲ್ಲ ಅಂತ, ಅದನ್ನ ಕಿತ್ತು ಬಾಜೂಕಿನ ತಗ್ಗಿನಾಗ ಮತ್ತ ಹಚ್ಚಿದ್ರು. ಹಿಂಗ ಮೂರು ಸಲ ಆತು. ಆ ಗಿಡ ಎಲ್ಲರಿಗಿಂತ ಮೊದಲು ಸತ್ತಿತು.

ದೀಪಾವಳಿ ಆಗೂದ್ರಾಗ ಹೆಚ್ಚು ಕಡಿಮಿ ಎಲ್ಲಾ ಗಿಡ ಸತ್ತಿದ್ದವು. ಬುಡಕ್ಕ ಮಣ್ಣಿಲ್ಲ, ಬೇರು ಕಲ್ಲಿಗೆ ಬಡಿದು ನಿಂತ್ರ ಅವಾದ್ರೂ ಏನ ಮಾಡ್ತಾವ. ಆದ್ರ ಮುಂದಿನ ಮಳಿಗಾಲ ಭಾಲ್ಕಿಯಾಗ ಮೀಟಿಂಗ್ ಆತು ನೋಡ್ರಿ. ಎಣಿಸಾಕ ಈಗ ಯಾರೂ ಕಾಲಿಲೆ ತಿರಗಂಗಿಲ್ಲ, ಮ್ಯಾಲಿಂದ ಉಪಗ್ರಹ ಫೋಟೋ ತಗೀತದ. ಗ್ವಾಡಿ ಮ್ಯಾಲ ಫೋಟೋ ಬಿಟ್ರು. ಗಾಯರಾಣ ತುಂಬ ಹಸರೇ ಹಸರು. "ಗಿಡ ಎಲ್ಲಾ ಬದುಕ್ಯಾವ!" ಅಂತ ಚಪ್ಪಾಳಿ ಹೊಡದ್ರು. ನಮ್ಮ ಸಾಹೇಬ್ರಿಗೆ ಶಾಲು ಹೊದಿಸಿದ್ರು, ಹಾರಾ ಹಾಕಿದ್ರು.

ನಾ ಹಿಂದ ಬಾಗಲದ ಹತ್ರ ನಿಂತಿದ್ದೆ. ಅದು ಮಳಿಗೆ ಎದ್ದ ಹುಲ್ಲು ಅಂತ ನನಗ ಗೊತ್ತಿತ್ತು. ಹುಲ್ಲು ಕಿತ್ತವರಿಗೆ ಹುಲ್ಲೇ ಶಾಲು ಹೊದಿಸಿತ್ತು.

ಹೋಳಿ ಹುಣ್ಣಿಮಿ ಮುಂದ ಮತ್ತೊಂದು ಫೋಟೋ ಬಂತು. ಬ್ಯಾಸಗಿ ಹತ್ತಿತ್ತು, ಹುಲ್ಲು ಒಣಗಿತ್ತು, ಗಾಯರಾಣೆಲ್ಲಾ ಕಂದು. ಸಾಹೇಬ್ರು ನನ್ನ ಕರ್ದು ಮೈಮ್ಯಾಲ ಹಾರಿ ಬಂದ್ರು. "ಆರು ತಿಂಗಳಲ್ಲಿ ಇಷ್ಟೂ ಗಿಡ ಎಲ್ಲಿ ಹೋದ್ವು?"

ಆವತ್ತು ಹ್ಯಾಂಗೋ ಧೈರ್ಯ ಬಂತು. "ಸಾಹೇಬ್ರ, ಗಿಡ ಇರ್ಲೇ ಇಲ್ರಿ. ಅದು ಹುಲ್ಲು ರೀ. ಮಳಿಗಾಲಕ್ಕ ಹಸರ ಇರ್ತದ, ಬ್ಯಾಸಗಿಗೆ ಒಣಗ್ತದ, ಮಳಿ ಬಂದ್ರ ಮತ್ತ ಏಳ್ತದ. ಅದರ ಧರ್ಮಾನೇ ಹಂಗ್ರಿ."

ಸಾಹೇಬ್ರು ಕನ್ನಡಕಾ ತಗದು ಟೇಬಲ್ ಮ್ಯಾಲ ಇಟ್ರು. ಆಮ್ಯಾಲ ಸಣ್ಣ ದನಿಯಾಗ, "ಹಾಗಾದ್ರೆ ನಾನು ಶಾಲು ಯಾತಕ್ಕೆ ಹೊದ್ಕೊಂಡೆ?" ಅಂದ್ರು.

ಇದಕ್ಕ ಉತ್ತರಾನೂ ಅವರೇ ಕಂಡ್ಕೊಂಡ್ರು. ಗಿಡ ಬದುಕಿದ್ದು ಖರೆ, ಆಮ್ಯಾಲ ಕುರಿ ತಿಂದು ಹಾಕ್ಯಾವ ಅಂತ ರಿಪೋರ್ಟ್ ಹೋತು. ತ್ವಾಳ ಹಳ್ಳಕ್ಕ ಬಿದ್ರ ಆಳಿಗೊಂದು ಕಲ್ಲು ಅಂತಾರಲ್ಲ, ಇಲ್ಲಿ ಕುರಿ ಬಿತ್ತು. ಅತ್ತಿ ಕುರಿ ಅಷ್ಟೂ ಹಿಡ್ಕೊಂಡು ಹೋಗಿ ಕೊಂಡವಾಡದಾಗ, ಅಂದ್ರ ಸರ್ಕಾರಿ ದನದ ದೊಡ್ಡಿಯಾಗ, ಕೂಡಿದ್ರು. ದಂಡಾ ಕಟ್ಟಿ ಬಿಡಿಸ್ಕೊಳ್ಳೂ ತನಕಾ ಅತ್ತಿ ಎರಡು ದಿನ ಅದರ ಗ್ವಾಡಿಗೆ ಆನಿ ಕುಂತ್ಳು, ಒಳಗಿನ ಕುರಿಗೆ ನೀರು ಕೊಟ್ಕೋತ.

ನಾ ರೊಟ್ಟಿ ತಗೊಂಡು ಹೋದೆ. ಅಕಿ ರೊಟ್ಟಿ ಮುರಕೋತ ಅಂದ್ಳು, "ಸತ್ತ ಗಿಡ ತಿಂದದ್ದಕ್ಕ ನನ್ನ ಕುರಿಗೆ ಜೇಲು. ಕೊಂದವರಿಗೆ ಶಾಲು. ಆ ಶಾಲು ಉಣ್ಣೀದಾದ್ರೂ ಹೌದಲ್ಲೋ? ಹಂಗಿದ್ರ ಅದೂ ಕುರೀದೇ."

೪. ಹುಲ್ಲಿನ ಬಾಯಿ

ಆ ವರ್ಷಾನೇ ಒಬ್ಬಾಕಿ ಸಂಶೋಧಕಿ ಬಂದ್ರು. ಹುಲ್ಲುಗಾವಲದ ಮ್ಯಾಲ ಅಭ್ಯಾಸ ಮಾಡ್ತಾರ ಅಂತ. ನಮ್ಮ ಕಡೆ ಮರ್ಯಾದಿಗೆ ಬಾಯಿ ಅಂತೇವಿ, ಊರ ಜನ ಹುಲ್ಲಿನ ಬಾಯಿ ಅಂತ ಹೆಸರಿಟ್ರು. ಚಾಚಾನ ಜೀಪು ಅವರೂ ಬಾಡಿಗಿಗೆ ತಗೊಂಡ್ರು, ನನ್ನ ಹಾದಿ ತೋರ್ಸಾಕ ಇಟ್ಕೊಂಡ್ರು.

ಮೊದಲನೇ ದಿನ ಬಾಯಿಯವರು ಒಂದು ಚೌಕಟ್ಟು ನೆಲದ ಮ್ಯಾಲ ಇಟ್ಟು, ಅದರ ಮುಂದ ಬೋರಲು ಮಲಗಿ, ಒಳಗಿನ ಹುಲ್ಲಿನ ಎಸಳು ಒಂದೊಂದೇ ಎಣಸ್ಲತ್ರು. ನಮ್ಮತ್ತಿ ದೂರಿಂದ ನೋಡಿದ್ಳು. ಮೂಗಬಟ್ಟು ಬಿದ್ದದ ಪಾಪ ಅಂತ ತಾನೂ ಓಡಿ ಬಂದು ಬಾಜೂಕ ಬೋರಲ ಬಿದ್ಳು. ಹೊಲಕ್ಕ ಹೊಂಟಿದ್ದ ಹೆಣ್ಮಕ್ಕಳೂ ಬಂದ್ರು. ಹತ್ತು ಮಂದಿ ಹುಲ್ಲು ಸರಿಸಿ ಸರಿಸಿ ಹುಡುಕಿದ್ದೇ ಹುಡುಕಿದ್ದು. ಅರ್ಧಾ ತಾಸು ಆದಮ್ಯಾಲ ಒಬ್ಬಾಕಿ ತಲಿ ಎತ್ತಿ, "ಯವ್ವಾ, ಬಂಗಾರದ್ದೋ ಬೆಳ್ಳೀದೋ?" ಅಂತ ಕೇಳಿದ್ಳು. ಬಾಯಿಯವರು, "ಏನು?" ಅಂದ್ರು. ಚಾಚಾ ಜೀಪಿಗೆ ಆನಿ ನಿಂತು, "ಅರೆ ಅಲ್ಲಾ," ಅಂತ ಹೊಟ್ಟಿ ಹಿಡ್ಕೊಂಡು ನಕ್ಕ.

ಅವತ್ತಿಂದ ಅತ್ತಿಗೂ ಅವರಿಗೂ ಭಾಳ ದೋಸ್ತಿ ಆತು. ಬಾಯಿಯವರು ಹುಲ್ಲಿಗೆ ಮಂತ್ರದಂಥಾ ಹೆಸರ ಹೇಳೋರು. ಅತ್ತಿ, "ಇದು ಕರಡ, ಇದು ತಿಂದ್ರ ಹಾಲು ಗಟ್ಟಿ. ಇದು ಸೂಜಿಹುಲ್ಲು, ಎಳೀದಿದ್ದಾಗ ಮೇಯಿಸಬೇಕು, ಬಲಿತ್ರ ಕಣ್ಣಿಗೆ ಚುಚ್ಚತದ," ಅಂತ ಹೇಳಾಕಿ. ಬಾಯಿಯವರು ಎಲ್ಲಾ ಬರ್ಕೊಳ್ಳೋರು.

ಅವರು ತ್ವಾಳದ ಹಿಕ್ಕೀನೂ ಆರಿಸಿ ಉಪ್ಪಿನಕಾಯಿ ಬಾಟ್ಲಿಯಾಗ ತುಂಬೋರು. ಬಾಟ್ಲಿ ಚಾಚಾನ ಬುತ್ತಿ ಗಂಟಿನ ಬಾಜೂಕೇ ಇರ್ತಿತ್ತು. ಎರಡು ವರ್ಷ ಚಾಚಾ ಯಾರ ಮನ್ಯಾಗ ಉಪ್ಪಿನಕಾಯಿ ಬಡಿಸಿದ್ರೂ, "ನಕ್ಕೋ, ನಕ್ಕೋ," ಅಂತಿದ್ದ.

ಆ ಹಿಕ್ಕಿಯೊಳಗ ಚಿಗರಿ ಕೂದಲ ಸಿಕ್ತು, ಮೊಲದ್ದು ಸಿಕ್ತು, ಕುರಿಮರೀದೂ ಸಿಕ್ತು. ಬಾಯಿಯವರು ಅತ್ತಿನ್ನ ಕೇಳಿದ್ರು, "ಸರ್ವೇನಲ್ಲಿ ಒಂದೂ ಕಳೆದಿಲ್ಲ ಅಂದಿದ್ರಂತೆ?" ಅತ್ತಿ ಪಾಲಿನ ಸಂಗತಿ ಹೇಳಿದ್ಳು. ಬಾಯಿಯವರ ಕಣ್ಣಾಗ ನೀರು ಬಂದ್ವು. ಪಾಲು ಕೊಟ್ಟ ತಪ್ಪಿಗೇ ಜಾಗ ಖಾಲಿ ಅಂತ ಬರ್ಕೊಂಡು ಹೋಗಿದ್ರಲ್ಲ.

ಎರಡು ವರ್ಷ ಕಳದು ಅವರು ದಪ್ಪನ್ನದೊಂದು ರಿಪೋರ್ಟ್ ಬರ್ದ್ರು. ಹೋಗೂ ಮೊದಲು ಅದರ ಸಾರಾ ಅತ್ತಿಗೆ ಕನ್ನಡದಾಗ ಹೇಳಿದ್ರು: ಇದು ಖಾಲಿ ಜಾಗ ಅಲ್ಲ. ಇಲ್ಲಿ ಗಿಡ ಹಚ್ಚಬಾರ್ದು. ಇಲ್ಲಿ ತ್ವಾಳ ಅದ, ಚಿಗರಿ ಅದ. ಕುರಿ ಮೇಯ್ದ್ರೇ ಹುಲ್ಲು ಹದಕ್ಕ ಇರ್ತದ, ಅದಕ್ಕ ಕುರಿಯವರು ಇರಬೇಕು.

ಅತ್ತಿ ಕೇಳಿ, "ಇಷ್ಟು ಹೇಳಾಕ ಎರಡು ವರ್ಷ ಬೋರಲ ಮಲಗ್ದೇನವ್ವಾ? ನನ್ನ ಕೇಳಿದ್ರ ಒಂದು ಚಾ ಕುಡಿಯೂದ್ರಾಗ ಹೇಳ್ತಿದ್ದೆ," ಅಂದ್ಳು.

"ನೀವು ಹೇಳಿದ್ರೆ ಅವರು ನಂಬಲ್ಲ ಅತ್ತೆ. ಅದಕ್ಕೇ ನಾನು ಮಲಗಿದ್ದು," ಅಂದ್ರು ಬಾಯಿಯವರು.

೫. ಗೇಟು

ರಿಪೋರ್ಟ್ ಸಾಹೇಬ್ರ ಟೇಬಲ್ಲಿಗೆ ಬಂತು. ಅವರು ಮೊದಲನೇ ಪುಟ ಓದಿದ್ರು. ಅದರಾಗ ತ್ವಾಳ ಅದ ಅಂತಿತ್ತು. ಕುರಿಯವರು ಇರಬೇಕು ಅನ್ನೋದು ಕಡೀ ಪುಟದಾಗಿತ್ತು. ಅಲ್ಲೀತನಕಾ ಹೋಗಾಕ ಸಾಹೇಬ್ರಿಗೆ ಪುರಸೊತ್ತಿಲ್ಲ.

"ತೋಳ ಇದೆ ಅಂದ್ಮೇಲೆ ಜಾಗ ರಕ್ಷಣೆ ಮಾಡ್ಬೇಕು!" ಅಂದ್ರು. ರಕ್ಷಣಾ ಶುರು ಆತು. ಗಾಯರಾಣದ ಸುತ್ತ ಎರಡಾಳು ಆಳದ ಕಂದಕ ತೋಡಿದ್ರು. ಕಂದಕದ ಒಳಮಗ್ಗಲಿಗೆ ತಂತಿ ಬೇಲಿ. ಬೇಲಿಗೊಂದು ಕಬ್ಬಿಣದ ಗೇಟು. ಗೇಟಿನ ಮ್ಯಾಲ "ಜಾನುವಾರು ಪ್ರವೇಶ ನಿಷೇಧ" ಅಂತ ಬೋರ್ಡು. ಬೋರ್ಡಿನ ಮ್ಯಾಲೊಂದು ತ್ವಾಳದ ಚಿತ್ರ. ಅದನ್ನ ಯಾವ ದೇಶದ್ದೋ ಹುಡುಕಿ ಹಾಕಿದ್ರು, ಬೆಳ್ಳಗ ಮಂಜಿನಾಗ ನಿಂತಿತ್ತು, ಮೈ ತುಂಬ ಕರಡಿಯಂಗ ಕೂದಲ. ಚೈತ್ರದ ಬಿಸಲಾಗ ಆ ಬೋರ್ಡ್ ನೋಡಿದ್ರ ನಮಗೇ ಬೆವರು ಬರ್ತಿತ್ತು.

ಗೇಟಿನ ಕೀಲಿ ನನ್ನ ಕೈಯಾಗ ಕೊಟ್ರು.

ಮರುದಿನ ಮುಂಜಾನೆ ಅತ್ತಿ ಕುರಿ ಹೊಡ್ಕೊಂಡು ದಿನದಂಗ ಬಂದ್ಳು. ಗೇಟಿನ ಮುಂದ ನಿಂತ್ಳು. ಒಳಗ ನಾ, ಹೊರಗ ಅಕಿ. ಕುರಿ ಗೇಟಿಗೆ ತಲಿ ತಿಕ್ಕಲತ್ತಿದ್ವು.

"ತಗೀ," ಅಂದ್ಳು.

"ತಗ್ಯಾಕ ಬರಂಗಿಲ್ಲ ಅತ್ತಿ. ಆರ್ಡರ್ ಅದ."

"ಯಾರಿಗೆ ಹೇಳ್ಲತ್ತಿ ಅಂತ ಗೊತ್ತದ ಏನು ನಿನಗ?"

"ಗೊತ್ತದ."

ಅಕಿ ಬೈತಾಳ ಅನ್ಕೊಂಡಿದ್ದೆ. ನಿನ್ನ ಹೆಣಾ ಎತ್ಲಿ ಅಂತ ಅಂದಿದ್ರ ನನಗ ಸಮಾಧಾನ ಆಗ್ತಿತ್ತು. ಬೈಲಿಲ್ಲ. ಗೇಟಿನ ಸಂದಿಯಾಗಿಂದ ಕೈ ಹಾಕಿ ನನ್ನ ಅಂಗಿ ಗುಂಡಿ ಹಾಕಿದ್ಳು, ಅದು ಬಿಚ್ಚಿತ್ತು. "ಸರ್ಕಾರಿ ಮನುಷ್ಯ, ನೆಟ್ಟಗ ಇರಬೇಕು," ಅಂದ್ಳು. ಕುರಿ ತಿರುಗಿಸ್ಕೊಂಡು ಕಮಲನಗರದ ಹಾದಿ ಹಿಡಿದ್ಳು. ಅಲ್ಲಿಂದ ಆಚಿಗೆ ಮಹಾರಾಷ್ಟ್ರದ ಗಡಿ, ಅಲ್ಲೊಂದಿಷ್ಟು ಬಯಲು ಇನ್ನೂ ಉಳದಿತ್ತು. ಹೊತ್ತು ಮುಳುಗೂ ತನಕಾ ನಾ ಗೇಟಿನ ಬಾಜೂಕೇ ಕುಂತು ಅಳ್ತಿದ್ದೆ. ಬೋರ್ಡಿನ ತ್ವಾಳ ಒಂದೇ ನೋಡ್ತು.

ಮುಂದ ಒಂದೇ ವರ್ಷದಾಗ ಆಗೂದೆಲ್ಲಾ ಆತು. ಮೇಯೋರು ಇಲ್ಲದ್ದಕ್ಕ ಸೂಜಿಹುಲ್ಲು ಎದಿ ಮಟ ಬೆಳದು ಬಲೀತು. ಸಣ್ಣ ಹುಲ್ಲು ಅದರ ಕೆಳಗ ಸತ್ತಿತು. ಚಿಗರಿ ಒಳಗ ಮೇಯಲಾರದ, ಕಂದಕ ಕುಸಿದ ಕಡಿಂದ ಹಾರಿ ಮಂದಿ ಹೊಲಕ್ಕ ಹೋದ್ವು. ತ್ವಾಳ ಗೇಟಿನ ಕೆಳಗಿನ ಸಂದಿಯಾಗಿಂದ ತೂರಿ ಹೋತು. ಹೆಜ್ಜಿ ನೋಡಿದ್ರ ಕಮಲನಗರದ ಕಡೀಗೇ ಹೋಗಿದ್ವು.

ನಾ ಸಾಹೇಬ್ರಿಗೆ ತಿಳಿಸ್ದೆ. ಅವರು, "ಗೇಟ್ ಹಾಕಿತ್ತು ತಾನೇ?" ಅಂತ ಕೇಳಿದ್ರು. ಹಾಕಿತ್ರಿ ಅಂದೆ. "ಮತ್ತೆ ಒಳಗೇ ಇರುತ್ತೆ. ಸರಿಯಾಗಿ ನೋಡು," ಅಂದ್ರು.

೬. ಒಂದು ದಿನದ ಮಟ್ಟಿಗೆ

ಈಗ ಕಡೀದು. ಬೀದರದ ದೊಡ್ಡ ಸಾಹೇಬ್ರಿಗೆ ತ್ವಾಳ ನೋಡೂ ಮನಸಾತು. ಅವರ ಜೋಡಿ ಇನ್ನೂ ದೊಡ್ಡವರು ಬರ್ತಾರ, ಅವರ ಮನಿ ಮಂದಿ ಬರ್ತಾರ, ಫೋಟೋದವರು ಬರ್ತಾರ ಅಂತ ಸುದ್ದಿ ಬಂತು. ನಮ್ಮ ಸಾಹೇಬ್ರ ಮುಖಾ ಬಾಡಿತು. ನನ್ನ ಹೆಗಲ ಮ್ಯಾಲ ಕೈ ಹಾಕಿದ್ರು, ನನ್ನ ಹನ್ನೊಂದು ವರ್ಷದ ನೌಕರಿಯಾಗ ಯಾವ ಸಾಹೇಬ್ರೂ ಹಂಗ ಹಾಕಿದ್ದಿಲ್ಲ.

"ತೋಳ ಬರ್ಬೇಕಾದ್ರೆ ಏನು ಮಾಡ್ಬೇಕಯ್ಯಾ?"

"ಕುರಿ ಬರಬೇಕ್ರಿ."

"ಯಾರ ಕುರಿ?"

"ನೀವು ಹೊರಗ ಹಾಕಿದ್ದ ಕುರಿ ರೀ."

ಸಾಹೇಬ್ರು ಕೆಮ್ಮಿದ್ರು. "ಹೋಗಿ ಕರ್ಕೊಂಡು ಬಾ. ಒಂದು ದಿನದ ಮಟ್ಟಿಗೆ. ಐದು ಗಂಟೆಗೆ ಮತ್ತೆ ಆಚೆ ಹೋಗ್ಬೇಕು."

ಚಾಚಾನ ಜೀಪು ತಗೊಂಡು ಹೋದೆ. ಹಾದಿ ತುಂಬ ಚಾಚಾ ಬೈದದ್ದೇ ಬೈದದ್ದು. "ಕ್ಯಾ ಲೋಗಾಂ ರೇ ಬಾಬಾ! ಮನ್ಯಾಗಿಂದ ಹೆಂಡ್ತಿನ್ನ ಹೊರಗ ಹಾಕಿ, ಬೀಗರು ಬರ್ತಾರ, ಅಡಗಿ ಮಾಡಾಕ ಒಂದು ದಿನ ಬಾ ಅಂದಂಗಾತು!" ಗಡಿ ಆಚಿಗೆ ಒಂದು ಕಲ್ಲಿನ ದಿಬ್ಬದ ಬಾಜೂಕ ಅತ್ತಿ ಸಿಕ್ಳು. ಬಡಕಾಗಿದ್ಳು. ಕುರಿ ಅರ್ಧಕ್ಕ ಇಳದಿದ್ವು. ನಾ ತಲಿ ಕೆಳಗ ಹಾಕಿ ಸಂಗತಿ ಹೇಳ್ದೆ. ಅಕಿ ಬರಂಗಿಲ್ಲ ಅಂತಾಳ ಅನ್ಕೊಂಡಿದ್ದೆ, ಅನ್ಲಿ ಅಂತಾನೇ ಬೇಡ್ಕೊಳ್ಲತ್ತಿದ್ದೆ. ಅಕಿ ಕಂಬಳಿ ಜಾಡಿಸಿ ಎದ್ಳು. "ಒಂದು ದಿನಾ ಆದ್ರೂ ಆತು. ಕುರಿ ತಮ್ಮ ಹುಲ್ಲು ತಿಂದು ಬರ್ಲಿ," ಅಂದ್ಳು.

ಮೂರನೇ ದಿನ ಮುಂಜಾನೆ ಅತ್ತಿ ಗೇಟಿನ ಮುಂದ ಬಂದ್ಳು. ದೊಡ್ಡ ಸಾಹೇಬ್ರ ಮಂದಿ ಹಸರ ಪರದೆ ಹಿಂದ ಕುರ್ಚಿ ಹಾಕ್ಕೊಂಡು ಕುಂತಿದ್ರು. ಸಾಹೇಬ್ರು ಓಡಿ ಬಂದು, "ತೋಳ ಎಲ್ಲಿ?" ಅಂದ್ರು.

"ಹಿಂದ ಬರ್ಲತ್ತದ," ಅಂದ್ಳು ಅತ್ತಿ. "ಅದಕ್ಕೂ ಪಾಸು ಬೇಕೇನ್ರಿ?"

ಕುರಿ ಒಳಗ ಹೋಗಿ ಅಂಚಿನ ಸಣ್ಣ ಹುಲ್ಲಿಗೆ ಬಾಯಿ ಹಾಕಿದ್ವು. ಮಧ್ಯಾಹ್ನ ಆತು. ಎಲ್ಲಾರೂ ಊಟಾ ಮಾಡಿ ಆಕಳಿಸ್ಲತ್ತಿದ್ರು. ಅಷ್ಟರಾಗ ಹುಲ್ಲು ಸರಿತು, ದೇವರ ನಾಯಿ ಬಂತು. ಬೋರ್ಡಿನಾಗಿನಂಥಾದಲ್ಲ, ನಮ್ಮದು, ಮಣ್ಣಿನ ಬಣ್ಣದ್ದು, ಬಡಕಲು. ಕಣ್ಣು ಮುಚ್ಚಿ ತಗಿಯೂದ್ರಾಗ ಹಿಂಡಿನ ಅಂಚಿನ ಮರಿ ಹಿಡ್ಕೊಂಡು ದಿಬ್ಬದ ಆಚಿಗೆ ಹೋತು.

ಪರದೆ ಹಿಂದಿಂದ ಚಪ್ಪಾಳಿ ಬಿದ್ವು. ಖರೇನೇ ಚಪ್ಪಾಳಿ ಹೊಡದ್ರು ರೀ. ಅತ್ತಿ ಆ ಕಡೆ ನೋಡ್ಲೇ ಇಲ್ಲ. ಸೊಂಟದ ಚೀಲದಾಗಿಂದ ಒಂದು ಚಿಟಿಕಿ ಭಂಡಾರ ತಗದು, ದಿಬ್ಬದ ಕಡೆ ತೂರಿ ಕೈ ಮುಗದ್ಳು.

ಆ ಮಂದಿಯೊಳಗ ಹಳೀ ಸರ್ವೇದಾಂವನೂ ಇದ್ದ. ಫೋನು ತಗೊಂಡು ಬಂದು ಮರ್ಯಾದಿಲೆ ಕೇಳಿದ, "ಅಮ್ಮಾ, ಈ ವರ್ಷ ತೋಳದಿಂದ ಎಷ್ಟು ಕಳಕೊಂಡ್ರಿ?"

"ಒಂದೂ ಇಲ್ಲ."

"ಈಗ್ಲೇ ಕಣ್ಣ ಮುಂದೆ..."

"ಅದು ತನ್ನ ಪಾಲು ಒಯ್ತು. ಅದು ನಂದೇನೂ ಒಯ್ದಿಲ್ಲ. ನೀವು ಒಯ್ದದ್ದು ಬರ್ಕೊಳ್ಳಾಕ ಆ ಫೋನಿನಾಗ ಜಾಗ ಅದ ಏನಪ್ಪಾ?"

ಅಂವ ಒಳ್ಳೇ ಮನುಷ್ಯ, ಬೆರಳಿಲೆ ಮ್ಯಾಲ ಕೆಳಗ ಸರಿಸಿ ಹುಡುಕಿದ. "ಅಂಥ ಕಾಲಂ ಇಲ್ಲಮ್ಮಾ. ಇತರೆ ಅಂತ ಒಂದಿದೆ. ಇತರೆ ಅಂತ ಹಾಕ್ಲಾ?"

"ಹಾಕ್ಕೋ," ಅಂದ್ಳು ಅತ್ತಿ. "ನಮ್ಮದೆಲ್ಲಾ ಅದರಾಗೇ ಹಾಕು."

ಐದು ಗಂಟೆ ಆತು. ಸಾಹೇಬ್ರು ಗಂಟಲ ಹರಕೊಂಡು, "ಕುರಿ ಆಚೆ! ಕುರಿ ಆಚೆ!" ಅಂತ ಒದರಿದ್ರು. ಅತ್ತಿ ಕುರಿ ಹೊಡ್ಕೊಂಡು ಗೇಟು ದಾಟಿದ್ಳು. ಕುರಿ ಹಿಂದ ಒಂದು ಅಂತರ ಇಟ್ಕೊಂಡು ದೇವರ ನಾಯೀನೂ ಗೇಟಿನ ಕಡೆ ಬಂತು, ಅದರ ಹಿಂದ ಇನ್ನೊಂದು.

ಸಾಹೇಬ್ರು ಹೌಹಾರಿ ನನ್ನ ಮ್ಯಾಲ ಒದರಿದ್ರು, "ಗೇಟ್ ಹಾಕೋ! ತೋಳ ಆಚೆ ಹೋಗ್ತಿದೆ, ಗೇಟ್ ಹಾಕೋ!"

ಕೀಲಿ ನನ್ನ ಕೈಯಾಗೇ ಇತ್ತು. ಅಂಗಿ ಗುಂಡಿ ಮುಟ್ಟಿ ನೋಡ್ಕೊಂಡೆ, ಹಾಕೇ ಇತ್ತು. ಗೇಟು ಪೂರ್ತಿ ತಗದು ಬಾಜೂಕ ಸರದು ನಿಂತೆ.

ವಾರದಾಗ ನೋಟಿಸ್ ಬಂತು. ಸಂರಕ್ಷಿತ ಪ್ರಾಣಿಯನ್ನ ಹೊರಗ ಹೋಗಾಕ ಬಿಟ್ಟದ್ದಕ್ಕ ಕಾರಣ ಕೊಡು ಅಂತ. ನಾ ಉತ್ತರಾ ಬರ್ದೆ: "ಸದರಿ ತ್ವಾಳ ಕುರಿ ಹಿಂದ ಹೋಗ್ಯದ. ಕುರಿ ಹೊರಗ ಹೋಗಬೇಕು ಅಂತ ತಾವೇ ಅಪ್ಪಣೆ ಮಾಡಿದ್ರಿ." ಅಲ್ಲಿಗೆ ನನ್ನ ನೌಕರಿ ಮುಗೀತು.

ಈಗ ನಾನೂ ಗಡಿ ಆಚಿಗೆ ಅತ್ತಿ ಜೋಡಿ ಕುರಿ ಕಾಯ್ತೇನಿ. ಮೊದಲು ಚಿಗರಿ ಬಂದ್ವು, ಆಮ್ಯಾಲ ತ್ವಾಳ ಬಂತು, ಅದರ ಹಿಂದ ವಾಚರ್ ಬಂದ ಅಂತ ಅತ್ತಿ ನಗ್ತಾಳ. ಅಲ್ಲಿಯೂ ಹೋದ ತಿಂಗಳು ಯಾರೋ ಜೀಪಿನ ಮೂತಿ ಮ್ಯಾಲ ನಕಾಶಿ ಹಾಸಿ, ಕಲ್ಲಿಟ್ಟು ನೋಡ್ಲತ್ತಿದ್ರು.

ಮೊನ್ನಿ ನಮ್ಮೂರಿಗೆ ಹೋದಾಗ ಗೇಟಿನ ಸಂದಿಯಾಗಿಂದ ಇಣುಕಿ ನೋಡ್ದೆ. ಕೀಲಿ ಹಾಕ್ಯಾರ. ಒಳಗ ಚಿಗರಿ ಇಲ್ಲ, ತ್ವಾಳ ಇಲ್ಲ, ಹಕ್ಕಿ ಇಲ್ಲ, ಕುರಿ ಇಲ್ಲ, ನಮ್ಮತ್ತಿ ಇಲ್ಲ. ಖಾಲಿ ಜಾಗ ಅಂದ ಸಾಹೇಬ್ರ ಮಾತು ಸುಳ್ಳ ಅಂತ ತಿಳದು ಪಾಪ ಕಟ್ಕೊಂಡೆ ಅನಸ್ತು. ಅವರ ನಕಾಶಿ ಸುಳ್ಳ ಇರ್ಲಿಲ್ರಿ, ಸ್ವಲ್ಪ ಮುಂಚೆ ಬರ್ದಿದ್ರು, ಅಷ್ಟೇ.